ಅಗಸ್ತ್ಯೋದಯವನ್ನು ಕಾಯುವ ನಗರ

ಕರಾವಳಿಯಲ್ಲಿ ಮೃಗಶಿರಾ ಮಳೆ ಹಿಡಿದು, ಗದ್ದೆಯ ಬದುಗಳನ್ನು ಮೀರಿ ನೀರು ಹರಿದು, ನೇಜಿಯ ಕೆಲಸಕ್ಕೆ ಆಳುಗಳನ್ನು ಹೊಂದಿಸುವ ಚಿಂತೆ ರೈತನನ್ನು ಆವರಿಸುವ ಅದೇ ಜೂನ್ ಮಾಸದ ಮೊದಲ ವಾರದಲ್ಲಿ, ನಮ್ಮ ಅರಬ್ಬೀ ಸಮುದ್ರದ ನೀರು ಕೊಲ್ಲಿಯಾಗಿ ಒಳಹೊಕ್ಕು ಕಟ್ಟಕಡೆಗೆ ನೆಲವನ್ನು ಮುಟ್ಟುವ ಕುವೈತಿನಲ್ಲಿ ಬೇಸಗೆಯು ಆರಂಭವಾಗುತ್ತದೆ. ನಮ್ಮವರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಕರೆದಂತೆಯೇ ಅಲ್ಲಿನ ನಾವಿಕರೂ ಮರುಭೂಮಿಯ ಪಶುಪಾಲಕರೂ ಬಿಸಿಲನ್ನು ನಕ್ಷತ್ರಗಳ ಹೆಸರಿನಿಂದ ಕರೆಯುತ್ತ ಬಂದಿದ್ದಾರೆ. ಮೊದಲು ಬರುವುದು ಸುರಯ್ಯಾ, ಎಂದರೆ ನಮ್ಮ ಕೃತ್ತಿಕೆ. ಅದರ ಹಿಂದೆ ದಬರಾನ್, ನಮ್ಮ ರೋಹಿಣಿ. ಜುಲೈ ಮಾಸವನ್ನು ಜೌಜಾ ಆಳುತ್ತದೆ. ಆ ತಿಂಗಳ ಕೊನೆಗೆ ಮಿರ್ಜಮ್, ನಮ್ಮ ಲುಬ್ಧಕ. ಕಡೆಗೆ ಆಗಸ್ಟ್ 24ರಂದು ಸುಹೈಲ್. ಈ ಸುಹೈಲ್ ಬೇರೆ ಯಾವುದೂ ಅಲ್ಲ, ನಮ್ಮ ಅಗಸ್ತ್ಯ ನಕ್ಷತ್ರ. ನಮ್ಮಲ್ಲಿ ಸೂರ್ಯನು ನಕ್ಷತ್ರವನ್ನು ಪ್ರವೇಶಿಸುವ ದಿನದಿಂದ ಮಳೆಯ ಎಣಿಕೆ. ಅವರಲ್ಲಿ ಅದೇ ನಕ್ಷತ್ರವು ಸೂರ್ಯನ ಪ್ರಭೆಯಿಂದ ಬಿಡಿಸಿಕೊಂಡು ಬೆಳಗಿನ ಜಾವ ಪೂರ್ವದಲ್ಲಿ ಮೂಡುವ ದಿನದಿಂದ ಬಿಸಿಲಿನ ಎಣಿಕೆ. ಲೆಕ್ಕದ ಕ್ರಮ ಬೇರೆಯಾದರೂ ಆಕಾಶದ ಪುಸ್ತಕ ಒಂದೇ.

ಈ ಬಿಸಿಲು ಎಂತಹುದೆಂಬುದನ್ನು ಒಂದು ಅಂಕಿಯಿಂದ ಹೇಳಬಹುದು. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾ ಎಂಬ ಮರುಭೂಮಿಯ ಹವಾಮಾನ ಕೇಂದ್ರದಲ್ಲಿ ಉಷ್ಣಾಂಶವು 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಜಾಗತಿಕ ಹವಾಮಾನ ಸಂಸ್ಥೆಯು ಇದನ್ನು ಸಾವಧಾನವಾಗಿ ಪರಿಶೀಲಿಸಿ, ಏಷ್ಯಾ ಖಂಡದಲ್ಲಿ ಅದುವರೆಗೆ ದಾಖಲಾದ ಅತ್ಯಧಿಕ ತಾಪವೆಂದು ಅಂಗೀಕರಿಸಿತು. ಜೂನ್ ಒಂದರಿಂದ ಆಗಸ್ಟ್ ಕೊನೆಯ ಪರ್ಯಂತ ಹಗಲು ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಯಲಿನಲ್ಲಿ ಕೂಲಿ ಮಾಡಿಸುವುದನ್ನು ಸರಕಾರವು ನಿಷೇಧಿಸಿದೆ. ನಮ್ಮ ಕನ್ನಡ ಕುಟುಂಬಗಳು ಈ ವೇಳೆಗೆ ಶಾಲೆಯ ರಜೆಯ ನೆಪದಿಂದ ಊರಿಗೆ ಹೊರಡುತ್ತವೆ. ಹೆಂಡತಿ ಮಕ್ಕಳನ್ನು ವಿಮಾನ ಹತ್ತಿಸಿ ಬಂದ ಗೃಹಸ್ಥನು ಅಬ್ಬಾಸಿಯಾದಲ್ಲಿಯೋ ಮಂಗಾಫಿನಲ್ಲಿಯೋ ಇರುವ ತನ್ನ ಫ್ಲಾಟಿನ ಎ.ಸಿ.ಯ ಕೆಳಗೆ ಕುಳಿತು, ಹೋದವರು ಮರಳಿ ಬರುವ ದಿನವನ್ನು ಎಣಿಸತೊಡಗುತ್ತಾನೆ. ಮಾಲುಗಳನ್ನು ಬಿಟ್ಟರೆ ಬೇಸಗೆಯ ಕುವೈತಿನಲ್ಲಿ ಏನಿದೆ ಎಂಬ ಮಾತು ನಮ್ಮವರ ನಡುವೆ ಎಷ್ಟು ರೂಢವಾಗಿದೆಯೆಂದರೆ, ಅದನ್ನು ಯಾರೂ ಪರೀಕ್ಷಿಸಿ ನೋಡಲು ಹೋಗುವುದಿಲ್ಲ. ನಾನೂ ಬಹುಕಾಲ ಪರೀಕ್ಷಿಸಿದವನಲ್ಲ. ಪರೀಕ್ಷಿಸಿದ ಮೇಲೆ ನನಗೆ ತಿಳಿದುಬಂದ ಸಂಗತಿಯನ್ನು ನಿವೇದಿಸುವುದಕ್ಕಾಗಿಯೇ ಈ ಲೇಖನ: ಆ ಊರಿನ ನಿಜವಾದ ಉತ್ಸವವು ನಡೆಯುವುದು ಬೇಸಗೆಯಲ್ಲಿಯೇ, ಅದೂ ಸಮುದ್ರದ ಮೇಲೆ, ಮತ್ತು ಅದನ್ನು ಸವಿಯಲು ಬೇಕಾದುದು ಹಣವಲ್ಲ, ಸ್ವಲ್ಪ ತಿಳಿವಳಿಕೆ.

ಜುಲೈ ಆಗಸ್ಟ್ ತಿಂಗಳುಗಳ ನಡುವೆ ಒಂದು ದಿನ ಸಾಲ್ಮಿಯಾದ ಕಡಲತೀರದಲ್ಲಿರುವ ಕುವೈತ್ ಸಮುದ್ರಕ್ರೀಡಾ ಕ್ಲಬ್ಬಿನ ಆವರಣದಲ್ಲಿ ಜನ ಸೇರುತ್ತದೆ. ಬಿಳಿಯ ನಿಲುವಂಗಿಯ ವೃದ್ಧರು, ಕಪ್ಪು ಬುರ್ಖಾ ತೊಟ್ಟ ತಾಯಂದಿರು, ಕೈಗೂಸುಗಳನ್ನು ಹೆಗಲ ಮೇಲೆ ಹೊತ್ತ ಅಕ್ಕಂದಿರು, ಇವರೆಲ್ಲರ ಕಣ್ಣು ನೀರಿನ ಮೇಲೆ ಸಾಲಾಗಿ ನಿಂತ ಮರದ ಹಾಯಿಹಡಗುಗಳ ಕಡೆಗೆ. ಹಡಗಿನ ಮೇಲಿರುವವರು ಮೀಸೆ ಮೂಡುವ ವಯಸ್ಸಿನ ಹುಡುಗರು. ಅವರನ್ನು ನಡೆಸುವವರು ಅನುಭವಸ್ಥರಾದ ನಾಖುದಾಗಳು, ಎಂದರೆ ಹಡಗಿನ ಮುಖ್ಯಸ್ಥರು. ಮುತ್ತು ತೆಗೆಯುವ ಯಾನವನ್ನು ಪುನಃ ಜೀವಂತಗೊಳಿಸಬೇಕೆಂಬ ಸಂಕಲ್ಪದಿಂದ 1986ರಲ್ಲಿ ಪ್ರಾರಂಭವಾದ ಈ ಉತ್ಸವವು, ನಡುವೆ ಕೆಲವು ವರ್ಷಗಳ ಕಾಲ ನಿಂತುಹೋದದ್ದನ್ನು ಬಿಟ್ಟರೆ, ಪರಂಪರೆಯಾಗಿ ನಡೆದುಬಂದಿದೆ; ಅಂದಿನ ಅಮೀರ ಶೇಖ್ ಜಾಬಿರ್ ಅಲ್ ಅಹ್ಮದ್ ಅವರು ಇದಕ್ಕಾಗಿ ಹಡಗುಗಳನ್ನೇ ಕಾಣಿಕೆಯಾಗಿ ಕೊಟ್ಟರು. ಹೊರಡುವ ದಿನಕ್ಕೆ ದಶ್ಶಾ ಎಂದೂ, ಹಿಂದಿರುಗುವ ದಿನಕ್ಕೆ ಗಫ್ಫಾಲ್ ಎಂದೂ ಹೆಸರು. ಹುಡುಗರು ದಕ್ಷಿಣದ ಖೈರಾನ್ ತೀರಕ್ಕೆ ಹೋಗಿ, ಹಡಗಿನಲ್ಲಿಯೇ ಮಲಗಿ, ಹಡಗಿನಲ್ಲಿಯೇ ಉಂಡು, ಸಮುದ್ರದ ತಳಕ್ಕೆ ಮುಳುಗಿ ಚಿಪ್ಪುಗಳನ್ನು ಆಯ್ದು, ಕೆಲವು ದಿನಗಳ ಬಳಿಕ ತಾಯಂದಿರ ಎದುರಿಗೆ ಬಂದಿಳಿಯುತ್ತಾರೆ.

ಇದನ್ನು ಕೇವಲ ನೋಟದ ಸಂಭ್ರಮವೆಂದು ಭಾವಿಸಿದರೆ ಅದರ ಸಾರವು ಕೈತಪ್ಪಿಹೋಗುತ್ತದೆ. ಹಿಂದಿನ ಕಾಲದಲ್ಲಿ ಮುತ್ತಿನ ಋತುವು ಮೇ ಮಾಸದ ನಡುವಿನಿಂದ ಸೆಪ್ಟೆಂಬರಿನವರೆಗೆ, ಎಂದರೆ ಸರಿಸುಮಾರು ನಾಲ್ಕು ತಿಂಗಳ ಕಾಲ ನಡೆಯುತ್ತಿತ್ತು. ನೀರು ಬೆಚ್ಚಗಿರುವ ಈ ಉರಿಬೇಸಗೆಯಲ್ಲದೆ ಬೇರೆ ಕಾಲದಲ್ಲಿ ದಿನವಿಡೀ ಮುಳುಗೇಳುವುದು ಮನುಷ್ಯ ಶರೀರಕ್ಕೆ ಸಾಧ್ಯವಿರಲಿಲ್ಲ. ಮುಳುಗುವವನು ಗೈಸ್. ಅವನು ಮೂಗಿಗೆ ಕೊಂಬಿನಿಂದ ಮಾಡಿದ ಚಿಮುಟವನ್ನು ಸಿಕ್ಕಿಸಿ, ಕಾಲಿಗೆ ಕಲ್ಲಿನ ಭಾರವನ್ನು ಕಟ್ಟಿ, ಕೊರಳಲ್ಲಿ ಹಗ್ಗದ ಬುಟ್ಟಿಯನ್ನು ತೂಗಿ ತಳಕ್ಕಿಳಿಯುವನು. ಮೇಲೆ ಹಗ್ಗ ಹಿಡಿದು ಕುಳಿತಿರುವವನು ಸೈಬ್. ಕೆಳಗಿನವನು ಹಗ್ಗವನ್ನು ಜಗ್ಗಿದೊಡನೆ ಅವನನ್ನು ಮೇಲಕ್ಕೆ ಸೆಳೆಯುವುದು ಇವನ ಕೆಲಸ, ಆದುದರಿಂದ ಒಬ್ಬನ ಉಸಿರು ಇನ್ನೊಬ್ಬನ ಕೈಯಲ್ಲಿರುತ್ತಿತ್ತು. ದುಡಿಮೆಗೆ ಲಯ ಕೊಡುವ ಹಾಡುಗಾರನಿಗೆ ನಹ್ಹಾಮ್ ಎಂದು ಹೆಸರು. ಅವನ ಹಾಡಿಗೆ ತಾಳ ಹಾಕುವ ವಾದ್ಯಗಳಲ್ಲಿ ನೀರು ತುಂಬುವ ಮಣ್ಣಿನ ಹೂಜಿಯೂ ಒಂದು. ಘಟವಾದನವನ್ನು ಕೇಳಿ ಬೆಳೆದ ಕನ್ನಡಿಗನಿಗೆ ಆ ನಾದವು ಅಪರಿಚಿತವೆನಿಸಲಾರದು. ಮುತ್ತುಗಳನ್ನು ಕೊಳ್ಳುವ ವ್ಯಾಪಾರಿ ತವ್ವಾಶ್. ಅವನು ಅವುಗಳನ್ನು ಕೊಂಡೊಯ್ದು ಮಾರುತ್ತಿದ್ದ ದೊಡ್ಡ ಪೇಟೆ ನಮ್ಮ ಮುಂಬಯಿ.

ಭಾರತದೊಡನೆ ಈ ಹಡಗುಗಳ ನಂಟು ಅಲ್ಲಿಗೇ ಮುಗಿಯುವುದಿಲ್ಲ. ಮರವೇ ಬೆಳೆಯದ ಊರು ಹಡಗು ಕಟ್ಟಿದ್ದು ಮಲಬಾರದ ಸಾಗುವಾನಿಯಿಂದ. ಹಗ್ಗ ಹೊಸೆದದ್ದು ನಮ್ಮ ತೆಂಗಿನ ನಾರಿನಿಂದ. ಬಸ್ರಾದ ಖರ್ಜೂರವನ್ನು ಹೇರಿಕೊಂಡು ಮಳೆಗಾಲ ಮುಗಿದ ಮೇಲೆ ಭಾರತದ ಪಶ್ಚಿಮ ತೀರಕ್ಕೆ ಬರುತ್ತಿದ್ದ ಕುವೈತಿನ ದೊಡ್ಡ ಹಡಗುಗಳು ಹಿಂದಿರುಗುವಾಗ ಮರ, ಅಕ್ಕಿ, ಮೆಣಸುಗಳನ್ನು ತುಂಬಿಕೊಳ್ಳುತ್ತಿದ್ದುವು. ಆಸ್ಟ್ರೇಲಿಯದ ನಾವಿಕ ಲೇಖಕ ಅಲನ್ ವಿಲಿಯರ್ಸ್ 1938-39ರಲ್ಲಿ ‘ಬಯಾನ್’ ಎಂಬ ಕುವೈತಿ ಹಡಗಿನಲ್ಲಿ ಅಲಿ ಅಲ್ ನಜ್ದಿ ಎಂಬ ನಾಖುದಾನ ಜತೆ ಪ್ರಯಾಣ ಮಾಡಿ ಬರೆದ ಗ್ರಂಥವು ಆ ಜೀವನಕ್ಕೆ ಇಂದಿಗೂ ಸಾಕ್ಷಿಯಾಗಿದೆ. ಅದೇ 1938ರಲ್ಲಿ ಕಟ್ಟಿದ ‘ಫತೆಹ್ ಅಲ್ ಖೈರ್’ ಎಂಬ ಹಡಗು, ಎಣ್ಣೆಯ ಯುಗಕ್ಕೆ ಮುಂಚಿನ ಆ ವರ್ಗದ ಹಡಗುಗಳಲ್ಲಿ ಉಳಿದ ಕೊನೆಯದೆಂಬ ಕೀರ್ತಿಯೊಡನೆ, ಸಾಲ್ಮಿಯಾದ ವಿಜ್ಞಾನ ಕೇಂದ್ರದ ಬಳಿ ನಿಂತಿದೆ. ಕುವೈತಿನ ಪೇಟೆಯಲ್ಲಿ 1961ರವರೆಗೂ ನಡೆದ ನಾಣ್ಯವು ರೂಪಾಯಿಯೇ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿದರೆ ಅವರು ನಂಬುವುದಿಲ್ಲ.

ಈ ಮುತ್ತಿನ ಉತ್ಸವದ ಕುರಿತು ನನ್ನ ಮನಸ್ಸಿನಲ್ಲಿ ಗೌರವವಿರುವಷ್ಟೇ ಒಂದು ನೋವೂ ಇದೆ, ಅದನ್ನು ಮುಚ್ಚಿಡಲಾರೆ. ಮುತ್ತಿನ ಕಸುಬು ಸಾಲದ ಕಸುಬಾಗಿತ್ತು. ಋತುವಿನ ಆದಿಯಲ್ಲಿ ಮನೆಯ ಖರ್ಚಿಗೆಂದು ಪಡೆದ ಮುಂಗಡವು ಋತುವಿನ ಅಂತ್ಯದಲ್ಲಿ ತೀರದೆ, ಮುಂದಿನ ವರ್ಷಕ್ಕೂ ಅದರ ಮುಂದಿನ ವರ್ಷಕ್ಕೂ ಬೆಳೆಯುತ್ತ, ಅದೆಷ್ಟೋ ಮಂದಿ ಮುಳುಗುಗಾರರನ್ನು ಜೀವಮಾನವಿಡೀ ನಾಖುದಾನಿಗೂ, ನಾಖುದಾನನ್ನು ವ್ಯಾಪಾರಿಗೂ ಕಟ್ಟಿಹಾಕಿತು. ಕಿವಿಯ ತಮಟೆ ಒಡೆದವರು, ಕಣ್ಣು ಕಳೆದುಕೊಂಡವರು, ಹಗ್ಗ ಜಗ್ಗುವಷ್ಟರಲ್ಲಿಯೇ ಉಸಿರು ನಿಂತವರು ಅಸಂಖ್ಯ. 1912ರ ಋತುವನ್ನು ಸಮೃದ್ಧಿಯ ವರ್ಷವೆಂದು ಕುವೈತಿನ ಜನ ಇಂದಿಗೂ ನೆನೆಯುತ್ತಾರೆ. ಅದಾದ ಎರಡು ದಶಕಗಳೊಳಗೆ ಜಪಾನಿನ ಮಿಕಿಮೊಟೊ ರೂಢಿಗೆ ತಂದ ಕೃಷಿಮುತ್ತು ಪೇಟೆಗಳನ್ನು ತುಂಬಿ, ಜಗತ್ತಿನ ಆರ್ಥಿಕ ಮುಗ್ಗಟ್ಟೂ ಸೇರಿ, ಕೊಲ್ಲಿಯ ಮುತ್ತು ಬೆಲೆ ಕಳೆದುಕೊಂಡಿತು. 1938ರಲ್ಲಿ ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ಅದರ ಮೊದಲ ರಫ್ತು ಹೊರಟಿತು. ಮುಳುಗುಗಾರನ ಮಗ ಎಣ್ಣೆ ಕಂಪನಿಯ ನೌಕರನಾದನು. ಹಿರಿಯರ ಆ ಕಷ್ಟವನ್ನು ಮೊಮ್ಮಕ್ಕಳು ಒಂದು ವಾರ ತಮ್ಮ ಮೈಮೇಲೆ ತಾವಾಗಿ ಎಳೆದುಕೊಂಡು ಅನುಭವಿಸುತ್ತಾರೆಂಬುದೇ ನನ್ನ ದೃಷ್ಟಿಯಲ್ಲಿ ಈ ಯಾನದ ಘನತೆ. ವೇದಿಕೆಯ ಮೇಲೆ ಬಣ್ಣ ಹಚ್ಚಿ ಆಡಿ ತೋರಿಸುವ ನಾಟಕವಲ್ಲ ಅದು. ಉಪ್ಪುನೀರಿನಿಂದ ಸೀಳಿದ ಅಂಗೈಗಳು ಬಣ್ಣದಿಂದ ಬರುವುದಿಲ್ಲ.

ಹಡಗುಗಳು ಮರಳದೆ ತಡವಾದಾಗ ಹೆಂಗಸರು ತೀರಕ್ಕೆ ಹೋಗಿ, ಹಾಡಿನ ಮೂಲಕ ಸಮುದ್ರವನ್ನು ಗದರಿಸಿ, ಕಾಯಿಸಿದ ಕಬ್ಬಿಣವನ್ನು ನೀರಿಗೆ ಮುಟ್ಟಿಸಿ, ಗಂಡಸರನ್ನು ಹಿಂದಕ್ಕೆ ಕಳುಹಿಸೆಂದು ಅದನ್ನು ಒತ್ತಾಯಿಸುವ ಪದ್ಧತಿ ಆ ಊರಿನಲ್ಲಿತ್ತು. ಸರಿಸುಮಾರು ಇದೇ ಕಾಲದಲ್ಲಿ, ಶ್ರಾವಣ ಮಾಸದ ನೂಲಹುಣ್ಣಿಮೆಯ ಹೊತ್ತಿಗೆ ನಮ್ಮ ಮೊಗವೀರರು ಮಂಗಳೂರು, ಮಲ್ಪೆಗಳ ಕಡಲಿಗೆ ಹಾಲೆರೆದು ತೆಂಗಿನಕಾಯಿ ಒಪ್ಪಿಸಿ, ಜೂನ್ ಜುಲೈಗಳ ಮೀನುಗಾರಿಕೆಯ ನಿಷೇಧ ಮುಗಿದ ಮೇಲೆ ದೋಣಿಗಳನ್ನು ನೀರಿಗಿಳಿಸುತ್ತಾರೆ. ಒಬ್ಬರು ಬೇಡುತ್ತಾರೆ, ಇನ್ನೊಬ್ಬರು ಗದರಿಸುತ್ತಿದ್ದರು. ಎರಡಕ್ಕೂ ಕಾರಣವಾದ ಭಯವು ಒಂದೇ.

ಕಡಲಿನಿಂದ ನೆಲಕ್ಕೆ ಬಂದರೆ, ಇನ್ನು ಬೀದಿಯ ಕಲೆಯ ಮಾತು. ಬೇಸಗೆಯ ರಾತ್ರಿ ಎಂಟು ಗಂಟೆಯ ಮೇಲೆ, ಬಿಸಿಲು ಇಳಿದು ಗಾಳಿಯಲ್ಲಿ ತೇವ ಮಾತ್ರ ಉಳಿದಿರುವಾಗ, ಕಡಲಿನಂಚಿನ ರಸ್ತೆಯಲ್ಲಿ ನಡೆಯುವವರಿಗೆ ಮೊದಲು ಕಾಣುವುದು ಕುವೈತ್ ಗೋಪುರಗಳು. 1979ರಲ್ಲಿ ಜನರಿಗೆ ತೆರೆದ ಈ ಮೂರು ಗೋಪುರಗಳಲ್ಲಿ ದೊಡ್ಡದು 187 ಮೀಟರು ಎತ್ತರ. ಡೆನ್ಮಾರ್ಕಿನ ಮಾಲೇನ ಬ್ಯೋರ್ನ್ ಎಂಬ ಮಹಿಳೆ ಇವುಗಳ ಶಿಲ್ಪಿ. ಗೋಳಗಳ ಮೈಮೇಲೆ ನೀಲಿ, ಹಸಿರು, ಬೂದಿ ಬಣ್ಣಗಳ ಎಂಟು ಛಾಯೆಗಳಲ್ಲಿ ಸುಮಾರು 41,000 ಎನಾಮಲು ಲೇಪಿತ ಉಕ್ಕಿನ ಬಿಲ್ಲೆಗಳನ್ನು ಕೂರಿಸಲಾಗಿದೆ. ಹಳೆಯ ಮಸೀದಿಗಳ ಗುಮ್ಮಟಗಳ ಮೇಲಿನ ಹೆಂಚಿನ ಚಿತ್ತಾರವನ್ನು ನೆನಪಿಸುವ ಕೆಲಸವದು. 1980ರಲ್ಲಿ ಪ್ರಥಮ ಬಾರಿಗೆ ಕೊಟ್ಟ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯು ಕುವೈತಿನ ಈ ಜಲಗೋಪುರಗಳಿಗೂ ಸಂದಿತು. ಜಲಗೋಪುರವೆಂಬ ಮಾತನ್ನು ಗಮನಿಸಬೇಕು: ಒಳಗಿರುವುದು ಊರಿನ ಕುಡಿಯುವ ನೀರು. ಶತ್ ಅಲ್ ಅರಬ್ ನದಿಯಿಂದ ಸಿಹಿನೀರನ್ನು ಹಡಗಿನಲ್ಲಿ ತುಂಬಿ ತಂದು, ಹೂಜಿಯ ಲೆಕ್ಕದಲ್ಲಿ ಕೊಂಡು ಕುಡಿಯುತ್ತಿದ್ದ ಒಂದು ಊರು, ಸಮುದ್ರದ ನೀರನ್ನೇ ಸಿಹಿಯಾಗಿಸುವ ವಿದ್ಯೆ ಕೈಗೂಡಿದ ಮೇಲೆ, ನೀರಿನ ಟ್ಯಾಂಕಿಯನ್ನೇ ತನ್ನ ಮುಕುಟವಾಗಿ ಧರಿಸಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸೌಂದರ್ಯವನ್ನು ಎಲ್ಲಿ ಇಡಬೇಕೆಂಬುದನ್ನು ಬಾಯಾರಿಕೆಯೇ ಅವರಿಗೆ ಕಲಿಸಿತು.

ಖಾದಿಸಿಯಾ ಬಡಾವಣೆಯ ಒಂದು ಮನೆಯನ್ನು ಹೇಳದೆ ಮುಂದೆ ಹೋಗಲಾರೆ. ಇಟಲಿಯಲ್ಲಿ ಹುಟ್ಟಿ, ಕುವೈತಿನ ಚಿತ್ರಕಾರ ಖಲೀಫಾ ಅಲ್ ಖತ್ತಾನ್ ಅವರನ್ನು ವರಿಸಿ ಅಲ್ಲಿಗೆ ಬಂದ ಲಿಡಿಯಾ ಅಲ್ ಖತ್ತಾನ್ ಎಂಬ ಕಲಾವಿದೆ, 1960ರ ದಶಕದಲ್ಲಿ ಒಡೆದ ಕನ್ನಡಿಯ ಚೂರುಗಳನ್ನು ಮನೆಯ ಒಂದು ಸಾಮಾನಿಗೆ ಅಂಟಿಸಿದುದು ಮೊದಲಾಗಿ, ಗೋಡೆ, ಮಾಡು, ಮೆಟ್ಟಿಲು, ಹೊರಮೈಗಳನ್ನೆಲ್ಲ ದಶಕಗಳ ಕಾಲ ಕನ್ನಡಿಯಿಂದಲೇ ತುಂಬುತ್ತ ಹೋದರು. ಕನ್ನಡಿಮನೆಯೆಂದೇ ಅದಕ್ಕೆ ಹೆಸರು. ಬೀದಿಯಲ್ಲಿ ಹೋಗುವವನು ಹೊರಗೋಡೆಯಲ್ಲಿ ತನ್ನ ಮುಖವನ್ನು ನೂರು ಚೂರಾಗಿ ಕಂಡು ಒಂದು ಗಳಿಗೆ ನಿಲ್ಲುತ್ತಾನೆ. ಆಡಳಿತದ ಆಜ್ಞೆಯಿಲ್ಲದೆ, ಬಹುಮಾನದ ಆಸೆಯಿಲ್ಲದೆ, ಒಬ್ಬ ಗೃಹಿಣಿಯ ಏಕಾಗ್ರತೆಯಿಂದ ಬೀದಿಯೊಂದು ಬೆಳಗಿತು. ಹವ್ಯಾಸವು ಯಾವಾಗ ಕಲೆಯಾಗುವುದೆಂದು ಕೇಳುವವರಿಗೆ ನಾನು ಆ ಮನೆಯ ದಾರಿಯನ್ನು ತೋರಿಸುತ್ತೇನೆ.

ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಮೀಪದಲ್ಲಿರುವ ಸದು ಭವನದಲ್ಲಿ ಬೆಡೂಯಿನ್ ಸ್ತ್ರೀಯರ ನೇಯ್ಗೆಯನ್ನು ಕಲಿಸುತ್ತಾರೆ. ಕುರಿಯ ಹಾಗೂ ಒಂಟೆಯ ಉಣ್ಣೆಯನ್ನು ನೆಲಕ್ಕೆ ಹೂಡಿದ ಮಗ್ಗದಲ್ಲಿ ನೇಯ್ದು, ತ್ರಿಕೋನ, ವಜ್ರಾಕೃತಿ, ಒಂಟೆ, ಕತ್ತರಿ, ಬಾಚಣಿಗೆಗಳನ್ನು ಪಟ್ಟಿಯಲ್ಲಿ ಮೂಡಿಸುವ ಈ ಕಲೆಯನ್ನು ಯುನೆಸ್ಕೋ 2020ರಲ್ಲಿ ಸೌದಿ ಅರೇಬಿಯಾ ಮತ್ತು ಕುವೈತ್ ಎರಡರ ಹೆಸರಿನಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡಾರದ ಕಂಬಳಿಯಿಂದ ಇಳಿದು ಬಂದ ಅದೇ ಆಕೃತಿಗಳು ಇಂದು ನಗರದ ಗೋಡೆಗಳಲ್ಲಿ, ಪ್ರಕಟಣೆಗಳಲ್ಲಿ, ಹಬ್ಬದ ಅಲಂಕಾರದಲ್ಲಿ ಕಾಣಸಿಗುತ್ತವೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗೋಪುರ, ತೇರು, ತುಳಸೀಕಟ್ಟೆಗಳು ದಾರದ ಎಣಿಕೆಯಿಂದಲೇ ಹುಟ್ಟುವಂತೆ ಇಲ್ಲಿಯೂ ಆಕೃತಿಯು ಎಣಿಕೆಯಿಂದ ಹುಟ್ಟುತ್ತದೆ. ನಮ್ಮ ಹೆಂಗಸರು ರಂಗವಲ್ಲಿಯ ಚುಕ್ಕಿಗಳನ್ನು ಎಣಿಸಿದಂತೆ ಎಂದರೂ ಸಲ್ಲುವುದು. ಸಾಲ್ಮಿಯಾದ ಎಂಟನೆಯ ಮಾಳಿಗೆಯ ಫ್ಲಾಟಿನ ಬಾಗಿಲಿನಲ್ಲಿ, ಲಿಫ್ಟಿನಿಂದ ಇಳಿದು ಬರುವವರ ಕಾಲು ತಾಗದಷ್ಟೇ ಜಾಗದಲ್ಲಿ, ಹಬ್ಬದ ದಿನ ಎಳೆದ ರಂಗೋಲಿಯನ್ನು ಕಂಡಾಗಲೆಲ್ಲ ನನಗೆ ಅನಿಸುವುದುಂಟು: ಕುವೈತಿನಲ್ಲಿ ಕನ್ನಡಿಗರು ಬರೆದ ಬೀದಿಚಿತ್ರವೆಂದರೆ ಇದೇ, ಮತ್ತು ಬೀದಿಯು ದೊರೆಯದಿದ್ದುದರಿಂದ ಅದು ಹೊಸ್ತಿಲಿಗೆ ಸರಿದಿದೆ.

ಗೋಡೆಗಳನ್ನು ಕುರಿತು ಹೇಳುವಾಗ ಒಂದು ಕಠಿಣವಾದ ಬೇಸಗೆಯನ್ನು ಬಿಡಲಾಗದು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯವು ನಗರವನ್ನು ಹೊಕ್ಕಿತು. ಪ್ರತಿರೋಧದಲ್ಲಿ ತೊಡಗಿದವರ ಹೆಸರು ವಿಳಾಸಗಳ ಪಟ್ಟಿಯನ್ನು ಹಿಡಿದು ಸೈನಿಕರು ಬೀದಿ ಬೀದಿ ಅಲೆಯತೊಡಗಿದಾಗ, ಊರಿನ ಜನ ರಾತ್ರೋರಾತ್ರಿ ರಸ್ತೆಗಳ ನಾಮಫಲಕಗಳನ್ನು ಕಿತ್ತುಹಾಕಿ, ಮನೆಗಳ ಸಂಖ್ಯೆಗಳ ಮೇಲೆ ಬಣ್ಣ ಬಳಿದು, ಇಡಿಯ ನಗರವನ್ನು ಅನಾಮಿಕವನ್ನಾಗಿ ಮಾಡಿದರು. ಗೋಡೆಯ ಮೇಲೆ ಬರೆಯುವುದಷ್ಟೇ ಕಲೆಯಲ್ಲ, ಅಳಿಸುವುದೂ ಒಂದು ಕಲೆಯಾದ ಕಾಲವದು. ಆ ದಿನಗಳಲ್ಲಿ ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಭಾರತೀಯರು, ಹೆಚ್ಚಿನವರು ಮರಳುಗಾಡನ್ನು ದಾಟಿ ಜೋರ್ಡಾನಿನ ಅಮ್ಮಾನ್ ಸೇರಿ ಅಲ್ಲಿಂದ ವಿಮಾನಗಳಲ್ಲಿ, ತಾಯ್ನಾಡನ್ನು ಮುಟ್ಟಿದರು. ಅವರಲ್ಲಿ ನಮ್ಮ ದಕ್ಷಿಣ ಕನ್ನಡ, ಉಡುಪಿಯ ಕಡೆಯವರು ಬಹಳ ಮಂದಿ. ಎಲ್ಲ ಕಳೆದುಕೊಂಡು ಹೋದವರಲ್ಲಿ ಅನೇಕರು ಮತ್ತೆ ಅದೇ ಊರಿಗೆ ಬಂದು ದುಡಿದರು. ಕುವೈತ್ ಕನ್ನಡ ಕೂಟ, ತುಳು ಕೂಟ ಮೊದಲಾದ ಸಂಘಗಳ ಸಭೆಗಳಲ್ಲಿ ಹಿರಿಯರನ್ನು ವಿಚಾರಿಸಿದರೆ ಆ ಪ್ರಯಾಣದ ಕಥೆಗಳನ್ನು ಇಂದಿಗೂ ಕೇಳಬಹುದು. ಕೇಳಿ ಬರೆದಿಡುವವರು ಬೇಕಾಗಿದ್ದಾರೆ.

ಇನ್ನು ಆ ಊರಿನ ಜನರ ಗೀಳುಗಳ ಮಾತು. ಗೀಳು ಎಂಬ ಪದವನ್ನು ನಾನು ಆದರದಿಂದಲೇ ಬಳಸುತ್ತೇನೆ, ಏಕೆಂದರೆ ಲಾಭವನ್ನು ನೋಡದೆ ಒಂದು ಸಂಗತಿಯ ಬೆನ್ನು ಹತ್ತುವ ಮನುಷ್ಯನಿಗೆ ಅದಕ್ಕಿಂತ ಒಳ್ಳೆಯ ಪದ ಕನ್ನಡದಲ್ಲಿಲ್ಲ. ಮಾಗಿಕಾಲದ ಹಲಾ ಫೆಬ್ರವರಿ ಉತ್ಸವದಲ್ಲಿ, 2005ರ ಫೆಬ್ರವರಿ 15ರಂದು, ಅಬ್ದುಲ್ ರಹಮಾನ್ ಅಲ್ ಫಾರ್ಸಿ ಮತ್ತು ಫಾರಿಸ್ ಅಲ್ ಫಾರ್ಸಿ ಎಂಬವರು ನಗರದ ಧ್ವಜಚೌಕದಲ್ಲಿ ಹಾರಿಸಿದ ಗಾಳಿಪಟವನ್ನು ನೆಲದ ಮೇಲೆ ಹಾಸಿದರೆ 1,019 ಚದರ ಮೀಟರು. ಜಗತ್ತಿನ ಅತಿ ದೊಡ್ಡ ಗಾಳಿಪಟವೆಂದು ಅದು ಗಿನ್ನೆಸ್ ದಾಖಲೆಯನ್ನು ಸೇರಿತು. ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಯಕ್ಷಗಾನದ ವೇಷವನ್ನೇ ಗಾಳಿಪಟವಾಗಿ ಏರಿಸುವ ನಮ್ಮ ಗೆಳೆಯರಿಗೆ ಇದು ಹೇಳದೆಯೇ ಅರ್ಥವಾಗುವ ಹುಚ್ಚು. ದಿವಾನಿಯಾಗಳಲ್ಲಿ, ಎಂದರೆ ಪ್ರತಿಯೊಂದು ಮನೆತನವೂ ಗಂಡಸರ ಹರಟೆಗಾಗಿ ಇಟ್ಟಿರುವ ಚಾವಡಿಗಳಲ್ಲಿ, ಆರು ಮಂದಿ ಎರಡು ಪಂಗಡವಾಗಿ ಆಡುವ ಕೂತ್ ಎಂಬ ಇಸ್ಪೀಟಿನ ಆಟವು ಬೇಸಗೆಯ ರಾತ್ರಿಗಳನ್ನು ನುಂಗುತ್ತದೆ.

ಆದರೆ ನನ್ನ ಮೆಚ್ಚುಗೆಯು ವಿಶೇಷವಾಗಿ ಸಲ್ಲುವುದು ಇನ್ನೊಂದು ಗೀಳಿಗೆ. 1982ರಲ್ಲಿ ಕುವೈತಿನ ಮೊಹಮ್ಮದ್ ಅಲ್ ಶಾರಿಖ್ ಎಂಬ ಉದ್ಯಮಿ, ಗಣಕಯಂತ್ರವು ಅರಬ್ಬಿಯಲ್ಲಿ ಮಾತಾಡಬೇಕೆಂಬ ಛಲದಿಂದ ‘ಸಖ್ರ್’ ಸಂಸ್ಥೆಯನ್ನು ಕಟ್ಟಿದರು. ಬಲದಿಂದ ಎಡಕ್ಕೆ ಓಡುವ, ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಬೇರೆ ಬೇರೆ ರೂಪ ತಾಳುವ ಲಿಪಿಯನ್ನು ಅಂದಿನ ಪುಟ್ಟ ಯಂತ್ರಗಳಲ್ಲಿ ಕೂರಿಸುವುದು ಸುಲಭದ ಕೆಲಸವಾಗಿರಲಿಲ್ಲ. ಆ ಸಂಸ್ಥೆಯ ಮನೆಗಣಕಗಳು ಟಿ.ವಿ.ಗೆ ಜೋಡಿಸಲ್ಪಟ್ಟು, ಬೇಸಗೆ ರಜೆಯಲ್ಲಿ ಹೊರಗೆ ಕಾಲಿಡಲಾರದ ಒಂದು ಪೀಳಿಗೆಯ ಅರಬ್ ಮಕ್ಕಳಿಗೆ ಆಟವನ್ನೂ ಪ್ರೋಗ್ರಾಮ್ ಬರೆಯುವ ಪಾಠವನ್ನೂ ತಮ್ಮ ತಾಯ್ನುಡಿಯಲ್ಲಿಯೇ ಕಲಿಸಿದುವು. ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟ ಕಿನ್ನಿಕಂಬಳದ ಕೆ.ಪಿ. ರಾವ್ ಅವರನ್ನೂ, 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದ ಶೇಷಾದ್ರಿವಾಸು ಅವರನ್ನೂ ಈ ಸಾಲಿನಲ್ಲಿಯೇ ಸ್ಮರಿಸತಕ್ಕದ್ದು. ಭಾಷೆಗಳನ್ನು ಹೊಸ ಯುಗಕ್ಕೆ ದಾಟಿಸಿದವರು ಬಹುತೇಕ ಇಂಥ ಗೀಳಿನವರೇ. 2006ರಲ್ಲಿ ಕುವೈತಿನ ಮನಶ್ಶಾಸ್ತ್ರಜ್ಞ ನಾಯಿಫ್ ಅಲ್ ಮುತವ್ವಾ ಅವರು ‘ದಿ 99’ ಎಂಬ ಚಿತ್ರಕಥಾಮಾಲೆಯನ್ನು ಆರಂಭಿಸಿ, ತೊಂಬತ್ತೊಂಬತ್ತು ಸದ್ಗುಣಗಳನ್ನು ನಾನಾ ದೇಶಗಳ ಯುವಕ ಯುವತಿಯರ ರೂಪದಲ್ಲಿ ನಿಲ್ಲಿಸಿದಾಗ, ಕಾರ್ಕಳದ ಅನಂತ ಪೈ ಅವರು 1967ರಲ್ಲಿ ‘ಅಮರ ಚಿತ್ರಕಥೆ’ಯ ಮೂಲಕ ಮಾಡಿದ ಕೆಲಸವೇ ಇನ್ನೊಂದು ನಾಡಿನಲ್ಲಿ ಮೊಳೆತಂತೆ ನನಗೆ ಭಾಸವಾಯಿತು.

ಇಂಥ ಆಸಕ್ತಿಗಳಿಗೆ ಆಸರೆಯೂ ಉಂಟು. ಕುವೈತಿನ ಸಂಸ್ಕೃತಿ, ಕಲೆ, ಸಾಹಿತ್ಯಗಳ ರಾಷ್ಟ್ರೀಯ ಮಂಡಳಿಯು ಪ್ರತಿ ಬೇಸಗೆಯಲ್ಲಿ ‘ಸೈಫಿ ಸಖಾಫಿ’ ಎಂಬ ಹೆಸರಿನಿಂದ ನಾಟಕ, ಸಂಗೀತ, ಕಾರ್ಯಾಗಾರಗಳನ್ನು ಛಾವಣಿಯ ಕೆಳಗೆ ನಡೆಸುತ್ತದೆ. 2018ರಲ್ಲಿ ತೆರೆದ ಶೇಖ್ ಅಬ್ದುಲ್ಲಾ ಅಲ್ ಸಾಲಿಂ ಸಾಂಸ್ಕೃತಿಕ ಕೇಂದ್ರದ ವಿಜ್ಞಾನ, ಅಂತರಿಕ್ಷ, ನಿಸರ್ಗ ಸಂಗ್ರಹಾಲಯಗಳನ್ನು ನೋಡಿ ಮುಗಿಸಲು ಮಕ್ಕಳಿಗೆ ಒಂದು ದಿನ ಸಾಲದು. 1974ರಲ್ಲಿ ಸ್ಥಾಪಿತವಾದ ಕುವೈತ್ ವಿಜ್ಞಾನ ಕ್ಲಬ್ಬಿನಲ್ಲಿ ಹುಡುಗರು ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಾರೆ. ಅಲ್ಲಿಯ ವೀಕ್ಷಣಾಲಯಕ್ಕೆ ಸಾಲಿಹ್ ಅಲ್ ಉಜೈರಿ ಅವರ ಹೆಸರು.

ಈ ಉಜೈರಿಯವರು ಯಾರೆಂದು ಕುವೈತಿನಲ್ಲಿ ಯಾವ ಅಂಗಡಿಯವನನ್ನು ಕೇಳಿದರೂ ಗೋಡೆಯ ಮೇಲಿನ ಪಂಚಾಂಗದ ಕಡೆಗೆ ಬೆರಳು ತೋರಿಸುತ್ತಾನೆ. 1920ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಮರುಭೂಮಿಯ ಬೆಡೂಯಿನರೊಡನೆ ಇದ್ದು ನಕ್ಷತ್ರಗಳನ್ನು ಗುರುತಿಸಲು ಕಲಿತು, ಉಪಾಧ್ಯಾಯರಾಗಿ ದುಡಿಯುತ್ತ, ಬಹುಮಟ್ಟಿಗೆ ಸ್ವಂತ ಪರಿಶ್ರಮದಿಂದಲೇ ಖಗೋಳವಿದ್ಯೆಯನ್ನು ಸಾಧಿಸಿದ ಆ ಪುರುಷರು, ನಮಾಜಿನ ವೇಳೆ, ಋತುಗಳ ಸಂಧಿ, ಬಿಸಿಲಿನ ನಕ್ಷತ್ರಗಳ ಉದಯಾಸ್ತಗಳನ್ನು ಲೆಕ್ಕಹಾಕಿದ ಪಂಚಾಂಗವನ್ನು ತಮ್ಮ ನಾಡಿಗೆ ಕೊಟ್ಟರು. ನಮ್ಮಲ್ಲಿ ಒಂಟಿಕೊಪ್ಪಲ್ ಪಂಚಾಂಗವಿಲ್ಲದ ಹಳೆಯ ಮನೆಯನ್ನು ಕಲ್ಪಿಸಲು ಹೇಗೆ ಕಷ್ಟವೋ ಹಾಗೆ ಅಲ್ಲಿ ಉಜೈರಿ ಪಂಚಾಂಗವಿಲ್ಲದ ಮನೆಯನ್ನು ಕಲ್ಪಿಸುವುದು ಕಷ್ಟ. 2022ರ ಫೆಬ್ರವರಿಯಲ್ಲಿ, ತಮ್ಮ ನೂರಾ ಒಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಒಬ್ಬ ಬಾಲಕನ ಕುತೂಹಲವು ಒಂದು ದೇಶದ ಕಾಲಮಾಪನವಾಗಿ ಪರಿಣಮಿಸಿದ್ದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತವನ್ನು ನಾನರಿಯೆ.

ಬೇಸಗೆಯ ಉದ್ದಕ್ಕೂ ಕುವೈತಿನ ಜನ ಬಾಯಲ್ಲಿ ನೆನೆಯುವ ನಕ್ಷತ್ರವೆಂದರೆ ಸುಹೈಲ್. ಅದು ಬಂದಿತೆಂದರೆ ರಾತ್ರಿಗಳು ತಂಪಾಗತೊಡಗುವುವು, ಹಡಗುಗಳು ಮರಳುವ ಕಾಲ ಹತ್ತಿರವಾಗುವುದು, ಒಂಟೆಗಳು ನೀರಿಗೆ ಅಷ್ಟಾಗಿ ಹಾತೊರೆಯಲಾರವು ಎಂದು ಹಿಂದಿನವರ ಲೆಕ್ಕ. ನಮ್ಮ ಪುರಾಣದಲ್ಲಿಯೂ ಅಗಸ್ತ್ಯನು ನೀರಿನ ಋಷಿಯೇ: ಸಮುದ್ರವನ್ನು ಆಪೋಶನ ಮಾಡಿದವನು, ಕಾವೇರಿಯನ್ನು ಕಮಂಡಲುವಿನಲ್ಲಿ ಹೊತ್ತವನು. ಅಗಸ್ತ್ಯೋದಯವಾದೊಡನೆ ಮಳೆಯಿಂದ ಕದಡಿದ ನೀರೆಲ್ಲ ತಿಳಿಯಾಗುವುದೆಂದು ನಮ್ಮ ಪೂರ್ವಕವಿಗಳು ನಂಬಿದ್ದರು. ಒಂದು ಕಡೆ ಮಳೆಯನ್ನು ನಿಲ್ಲಿಸುವವನು, ಇನ್ನೊಂದು ಕಡೆ ಬಿಸಿಲನ್ನು ಇಳಿಸುವವನು. ಹೆಸರು ಎರಡು, ಬೆಳಕು ಒಂದು. ಪಂಚಾಂಗದ ಪ್ರಕಾರ ಸುಹೈಲನ ಕಾಲವು ಆಗಸ್ಟ್ 24ಕ್ಕೆ ಆರಂಭವಾದರೂ, 29 ಡಿಗ್ರಿಗಿಂತ ತುಸು ಹೆಚ್ಚಿನ ಉತ್ತರ ಅಕ್ಷಾಂಶದಲ್ಲಿರುವ ಕುವೈತ್ ನಗರದಿಂದ ಅದು ಬರಿಗಣ್ಣಿಗೆ ಗೋಚರವಾಗುವುದು ಸೆಪ್ಟೆಂಬರಿನ ಮೊದಲ ವಾರ ಕಳೆಯುವಷ್ಟರಲ್ಲಿ. ಅದೂ ದಿಗಂತದಿಂದ ಎಂಟು ಡಿಗ್ರಿಗಿಂತ ಮೇಲಕ್ಕೆ ಆ ಊರಿನಲ್ಲಿ ಅದು ಎಂದೂ ಏರುವುದಿಲ್ಲ. ಆದುದರಿಂದಲೇ ಅದನ್ನು ಕಾಣಲು ಎದ್ದು ಹೋಗಬೇಕು; ಕಿಟಕಿಯಿಂದ ಕಾಣುವ ನಕ್ಷತ್ರವಲ್ಲ ಅದು.

ಸೆಪ್ಟೆಂಬರಿನ ಎರಡನೆಯ ವಾರಕ್ಕೆ ನಮ್ಮ ಕುಟುಂಬಗಳೆಲ್ಲ ಊರಿನಿಂದ ಮರಳಿರುತ್ತವೆ, ಶಾಲೆಗಳು ತೆರೆದಿರುತ್ತವೆ. ಆ ವಾರದ ಶುಕ್ರವಾರ ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸಿ, ಪೇಟೆಯ ದೀಪಗಳನ್ನು ಹಿಂದಕ್ಕೆ ಬಿಟ್ಟು ಖೈರಾನಿನ ಕಡೆಯ ತೀರಕ್ಕೆ ಕರೆದೊಯ್ಯಿರಿ. ನಾಲ್ಕೂಮುಕ್ಕಾಲರ ಸುಮಾರಿಗೆ ಆಗ್ನೇಯದಲ್ಲಿ ಎತ್ತರವಾಗಿ ಉರಿಯುವ ಲುಬ್ಧಕವನ್ನು ಮೊದಲು ಗುರುತಿಸಿ, ಅಲ್ಲಿಂದ ಕೆಳಕ್ಕೆ ಬಲಕ್ಕೆ ದೃಷ್ಟಿಯನ್ನು ಇಳಿಸಿದರೆ, ದಿಗಂತದಿಂದ ಎರಡು ಬೆರಳ ಎತ್ತರದಲ್ಲಿ ಒಂಟಿಯಾಗಿ ಮಿನುಗುವುದೇ ಅಗಸ್ತ್ಯ. ಅದೇ ಬೆಳಗಿನ ಜಾವ ನಿಮ್ಮ ಊರಿನ ಅಂಗಳದಲ್ಲಿ ನಿಂತವರಿಗೆ ಅದು ಇಪ್ಪತ್ತು ಡಿಗ್ರಿಗಳಷ್ಟು ಮೇಲೆ, ತೆಂಗಿನ ಗರಿಗಳ ನಡುವೆ ಕಂಡಿರುತ್ತದೆ; ಅಜ್ಜ ಅಜ್ಜಿಯರಿಗೆ ಮುಂಚಿತವಾಗಿ ಫೋನು ಮಾಡಿ ತಿಳಿಸಿಟ್ಟಿರಿ.